ಸೈಟು ಬೇಕಾದಷ್ಟಿದೆ, ಮನೆ ಎಲ್ಲಿದೆ ಮಾರ್ರೆ?

ಹೋದ ಮಳೆಗಾಲದಲ್ಲಿ ಅಪ್ಪಯ್ಯ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಸೊಂಟ ಮುರ್ಕೊಂಡ್ರು. ತೀರ್ಥಹಳ್ಳಿ ಕಡೆ ಒಂಟಿ ಮನೆ ನಮ್ದು, ಆಚೆಮನೆಯವ್ರನ್ನ ಕೂಗಿ ಕರೆಯೋಕೂ ಒಂದು ಗುಡ್ಡ ದಾಟ್ಬೇಕು. ಶಿವಮೊಗ್ಗದಲ್ಲಿ ಆಪರೇಷನ್ ಆಯ್ತು, ಇನ್ನು ಆರು ತಿಂಗ್ಳು ವಾರಕ್ಕೆ ಎರಡು ಸಲ ಫಿಸಿಯೋಥೆರಪಿ, ಮೆಟ್ಲು ಹತ್ತೋ ಹಾಗೇ ಇಲ್ಲ ಅಂದ್ರು ಡಾಕ್ಟ್ರು. ನಾನಿರದು ಶಿವಮೊಗ್ಗದಲ್ಲೇ, ಆದ್ರೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಸರಿ, ಕೆಳಗಡೆ ಮನೆ ಒಂದು ನೋಡಣ, ಎರಡು ರೂಮು, ಕೂರೋ ಟಾಯ್ಲೆಟ್ಟು, ಬಸ್ ಸ್ಟಾಪ್ ಹತ್ರ ಇದ್ರೆ ಸಾಕು, ಇಷ್ಟು ದೊಡ್ಡ ಊರಲ್ಲಿ ಇಷ್ಟು ಸಿಗಲ್ವಾ ಅಂದ್ಕೊಂಡು ಹೊರಟೆ.

ಒಂದು ತಿಂಗಳು ತಿರುಗಿದೆ ಕಣ್ರೀ. ಗೋಪಾಳ, ವಿನೋಬನಗರ, ಆಲ್ಕೊಳ, ಗಾಡಿಕೊಪ್ಪ. ಮನೆ ಸಿಗ್ಲಿಲ್ಲ, ಸೈಟು ಮಾತ್ರ ದಿನಕ್ಕೆ ನಾಲ್ಕು ಸಿಕ್ತು. "ಬಾಡಿಗೆ ಯಾಕೆ ಸಾರ್, ಒಂದು 30-40 ತಗೊಂಡು ಹಾಕ್ಬಿಡಿ, ಏರ್‌ಪೋರ್ಟಿಂದ ಹತ್ತೇ ನಿಮಿಷ" ಅಂತಾನೆ ಬ್ರೋಕರ್. ಸೋಗಾನೆ ಏರ್‌ಪೋರ್ಟ್ 2023ರ ಫೆಬ್ರವರಿಲಿ ಉದ್ಘಾಟನೆ ಆದಾಗಿಂದ ಈ ಊರಲ್ಲಿ ಯಾವ ಸೈಟು ಕೇಳಿದ್ರೂ ಏರ್‌ಪೋರ್ಟಿಂದ ಹತ್ತೇ ನಿಮಿಷ. ಸಾಗರ ರಸ್ತೆಲಿರೋದೂ ಹತ್ತೇ ನಿಮಿಷ, ಸವಳಂಗ ರಸ್ತೆಲಿರೋದೂ ಹತ್ತೇ ನಿಮಿಷ. ಅಪ್ಪಯ್ಯಂಗೆ ವಿಮಾನ ಹತ್ತೋದಲ್ಲ ಮಾರಾಯ, ಬಾತ್‌ರೂಮಿಗೆ ಹೋಗ್ಬೇಕು.

ಆ ತಿರುಗಾಟದಲ್ಲಿ ನೋಡಿದ್ದು ಎರಡು. ಒಂದು, ಬೀಗ ಹಾಕಿರೋ ಮನೆಗಳು. ಮಕ್ಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದಾರೆ, ವರ್ಷಕ್ಕೊಂದು ಸಲ ಬಂದು ಧೂಳು ಹೊಡ್ದು ಹೋಗ್ತಾರೆ, ಬಾಡಿಗೆಗೆ ಕೊಟ್ರೆ ಬಿಡಿಸೋದು ಕಷ್ಟ ಅಂತ ಕೊಡಲ್ಲ. ಇನ್ನೊಂದು, ಕಲ್ಲು ನೆಟ್ಟು ಹತ್ತು ವರ್ಷ ಆದ್ರೂ ಒಂದು ಪಾಯನೂ ಬೀಳದ ಲೇಔಟುಗಳು. ಅಡಿಕೆಗೆ ರೇಟು ಬಂದ ವರ್ಷ ನಮ್ಮ ಕಡೆಯವ್ರು ಮಾಡೋ ಮೊದಲ ಕೆಲ್ಸ ಅಂದ್ರೆ ಶಿವಮೊಗ್ಗದಲ್ಲೊಂದು ಸೈಟು ತಗಳದು, ನಮ್ಮ ಭಾವನೂ ತಗೊಂಡಿದಾರೆ, ಅಲ್ಲಿ ಈಗ ಪಾರ್ಥೇನಿಯಂ ಸೊಂಪಾಗಿ ಬೆಳ್ದಿದೆ. ಬೇಜಾರು ಏನಪ್ಪಾ ಅಂದ್ರೆ ಈ ಲೇಔಟುಗಳಲ್ಲಿ ಸುಮಾರು ಗದ್ದೆಗಳೇ, ತುಂಗಾ ನಾಲೆ ನೀರು ಹರೀತಿದ್ದ ಒಳ್ಳೇ ಭತ್ತದ ಗದ್ದೆ. ಗದ್ದೆನೂ ಹೋಯ್ತು, ಮನೆನೂ ಬರ್ಲಿಲ್ಲ.

ಇದನ್ನೆಲ್ಲ ಯೋಚ್ನೆ ಮಾಡೋರು ಯಾರು ಅಂತ ಕೇಳಿದ್ರೆ ಉತ್ತರ ಇದೆ. ಶಿವಮೊಗ್ಗ ಭದ್ರಾವತಿ ಎರಡಕ್ಕೂ ಸೇರಿ ಒಂದು ನಗರಾಭಿವೃದ್ಧಿ ಪ್ರಾಧಿಕಾರ ಇದೆ, ನಾವು ಬಾಯಲ್ಲಿ ಸೂಡಾ ಅಂತೀವಿ. ಊರು ಇನ್ನು ಮುಂದೆ ಯಾವ ಕಡೆ ಬೆಳೀಬೇಕು ಅಂತ ಮಾಸ್ಟರ್ ಪ್ಲಾನ್ ಮಾಡೋ ಹೊಣೆ ಅವ್ರದ್ದು, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ. ಮ್ಯಾಪಲ್ಲಿ ಹಳದಿ ಬಳಿದ್ರೆ ವಸತಿ, ಹಸಿರು ಅಂದ್ರೆ ಕೃಷಿ. ಹಸಿರು ಹಳದಿ ಆದ ದಿನ ಎಕರೆ ರೇಟು ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತು, ಹಾಗಾಗಿ ಆ ಮ್ಯಾಪನ್ನ ಮೊದ್ಲು ನೋಡೋರು ಬಾಡಿಗೆ ಮನೇಲಿರೋರಲ್ಲ.

ಸರಿ, ಎಷ್ಟು ಮನೆ ಬೇಕು ಅಂತ ಲೆಕ್ಕ ಹಾಕೋದು ಹೇಗೆ? ಜನಗಣತಿ ಹಿಡ್ಕೊಂಡು. 2001ರಲ್ಲಿ ಶಿವಮೊಗ್ಗದಲ್ಲಿ ಇದ್ದೋರು 2,74,352 ಜನ, 2011ಕ್ಕೆ 3,22,650. ಹತ್ತು ವರ್ಷಕ್ಕೆ ಹತ್ತಿರಹತ್ತಿರ 48 ಸಾವಿರ ಜಾಸ್ತಿ, ಮನೆಗೆ ನಾಲ್ಕು ಜನ ಅಂದ್ರೆ 12 ಸಾವಿರ ಮನೆ. ಇದು ನಾನು ಕ್ಯಾಲ್ಕುಲೇಟರಲ್ಲಿ ಹಾಕಿದ ಒರಟು ಲೆಕ್ಕ ಅಷ್ಟೆ. ತಮಾಷೆ ಏನಂದ್ರೆ 2021ರ ಗಣತಿ ನಡೀಲೇ ಇಲ್ಲ, ಅಂದ್ರೆ ಸ್ಮಾರ್ಟ್ ಸಿಟಿ ಬರೋಕೆ ಮುಂಚೆ, ಏರ್‌ಪೋರ್ಟ್ ಬರೋಕೆ ಮುಂಚೆ ಎಣಿಸಿದ ತಲೆ ಇಟ್ಕೊಂಡು ಮುಂದಿನ ಊರು ಕಟ್ಟೋ ಮಾತಾಡ್ತಿದೀವಿ.

ಆದ್ರೆ ಲೆಕ್ಕಕ್ಕಿಂತ ಅದನ್ನ ಹಾಕೋ ರೀತಿನೇ ನಂಗೆ ಸರಿ ಕಾಣಲ್ಲ. 12 ಸಾವಿರ ಮನೆ ಬೇಕು ಅಂದ ಕೂಡ್ಲೇ ಅದು 12 ಸಾವಿರ ಸೈಟು ಅಂತ ಆಗೋಗುತ್ತೆ. 2012ರಲ್ಲಿ ಕೇಂದ್ರದ ತಾಂತ್ರಿಕ ತಂಡವೊಂದು ಇಡೀ ದೇಶದ ಪೇಟೆಗಳಲ್ಲಿ ಸುಮಾರು 1.88 ಕೋಟಿ ಮನೆ ಕೊರತೆ ಅಂತ ಹೇಳ್ತು. ಅದನ್ನ ಬಿಡಿಸಿ ನೋಡಿದ್ರೆ ಮನೆನೇ ಇಲ್ದೋರು ಸುಮಾರು ಐದು ಲಕ್ಷ ಕುಟುಂಬ, ಉಳ್ದಿದ್ರಲ್ಲಿ ಸುಮಾರು ಒಂದೂವರೆ ಕೋಟಿ ಅಂದ್ರೆ ಇರೋ ಮನೇಲೇ ಇಕ್ಕಟ್ಟಲ್ಲಿ ಇರೋರು. ಕೊರತೆಲಿರೋ ನೂರಕ್ಕೆ ತೊಂಬತ್ತೈದು ಮನೆಯವ್ರು ಬಡವ್ರು, ಇಲ್ಲಾ ಕಮ್ಮಿ ಸಂಬಳದೋರು. ಅದೇ ಹೊತ್ತಿಗೆ 2011ರ ಗಣತಿ ಪ್ರಕಾರ ಪೇಟೆಗಳಲ್ಲಿ ಖಾಲಿ ಬಿದ್ದಿದ್ದ ಮನೆ 1.1 ಕೋಟಿ. ನಾನು ತಿಂಗ್ಳೆಲ್ಲಾ ಬೈಕಲ್ಲಿ ಕಂಡಿದ್ದು ಇದನ್ನೇ. ಅಂಗಡಿಲಿ ಕೆಲ್ಸ ಮಾಡೋ ಹುಡ್ಗ, ಆಸ್ಪತ್ರೆ ನರ್ಸುಗಳು, ಕಾಲೇಜಿಗೆ ಬಂದೋರು, ನಮ್ಮಪ್ಪಯ್ಯನ ಹಾಗೆ ಹಳ್ಳಿ ಬಿಟ್ಟು ಬರೋ ವಯಸ್ಸಾದೋರು, ಇವ್ರಿಗೆ ಬೇಕಾಗಿರೋದು 40-60 ಸೈಟಲ್ಲ, ಊರೊಳಗೆ ಸಣ್ಣ ಬಾಡಿಗೆ ಮನೆ.

ಬಡವ್ರಿಗೆ ಏನೂ ಮಾಡಿಲ್ಲ ಅಂತಲ್ಲ. ಗೋವಿಂದಾಪುರದಲ್ಲಿ ಆಶ್ರಯ ಮನೆಗಳು ಎದ್ದಿವೆ, ಸೈಟ್ ಹಂಚೋ ಬದ್ಲು ಮೇಲ್ಮೇಲೆ ಮನೆ ಕಟ್ಟಿದ್ದು ಒಳ್ಳೇದೇ. ಆದ್ರೆ ಅದೂ ಊರ ಅಂಚಲ್ಲೇ. ಬೆಳಗ್ಗೆ ಆರಕ್ಕೆ ಊರ ನಡುವಿನ ದುರ್ಗಿಗುಡಿಲಿ ಪಾತ್ರೆ ತೊಳಿಯೋಕೆ ಬರ್ಬೇಕಾದೋಳಿಗೆ ಮನೆ ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ಮೊದಲ ಬಸ್ಸು ಎಷ್ಟೊತ್ತಿಗೆ ಅನ್ನೋದೇ ಮುಖ್ಯ.

ಹಾಗಂತ ಊರೊಳಗೆ ಸಿಕ್ಕಸಿಕ್ಕಲ್ಲಿ ತುರುಕಿ ಅಂತಲೂ ನಾನು ಹೇಳ್ತಿಲ್ಲ. 2019ರ ಆಗಸ್ಟಲ್ಲಿ ತುಂಗೆ ಉಕ್ಕಿ ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆಗೆಲ್ಲ ನುಗ್ಗಿದ್ದು ಮರೆತಿಲ್ಲ. ನದಿ ಪಕ್ಕ ಬೇಡ, ಕೆರೆ ಅಂಗಳ ಬೇಡ, ರಾಜಕಾಲುವೆ ಮೇಲಂತೂ ಬೇಡವೇ ಬೇಡ. ಉಳ್ದಿರೋ ಖಾಲಿ ಸೈಟುಗಳಿವೆಯಲ್ಲ, ರಸ್ತೆ, ನೀರು, ಒಳಚರಂಡಿ ಎಲ್ಲಾ ಹೋಗಿರೋ ಕಡೆ? ಐದು ವರ್ಷ ಕಟ್ದೆ ಬಿಟ್ರೆ ಕಂದಾಯ ದುಪ್ಪಟ್ಟು ಮಾಡಿ, ನಾಲ್ಕು ಸಣ್ಣ ಮನೆ ಕಟ್ಟಿ ಬಾಡಿಗೆಗೆ ಬಿಟ್ರೆ ಕಮ್ಮಿ ಮಾಡಿ. ಭಾವ ಇದನ್ನ ಓದಿದ್ರೆ ಹಬ್ಬಕ್ಕೆ ಕರಿಯಲ್ಲ, ಪರ್ವಾಗಿಲ್ಲ.

ಮಾಸ್ಟರ್ ಪ್ಲಾನಿನ ಕರಡು ಬಂದಾಗ ಸಾರ್ವಜನಿಕರು ಆಕ್ಷೇಪಣೆ ಕೊಡೋಕೆ 60 ದಿನ ಇರುತ್ತೆ. ಹೆಚ್ಚಿನೋರು ಹೋಗೋದು ತಮ್ಮ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ಅಂತ ನೋಡೋಕೆ. ಮುಂದಿನ ಸಲ ನಾನೂ ಒಂದು ಅರ್ಜಿ ಹಿಡ್ಕೊಂಡು ಹೋಗೋನಿದೀನಿ, ನಂದು ಯಾವ ಸರ್ವೆ ನಂಬರೂ ಇಲ್ದೆ.

ಸದ್ಯಕ್ಕೆ ವಿನೋಬನಗರದಲ್ಲಿ ಮನೆ ಸಿಕ್ಕಿದೆ. ಎಪ್ಪತ್ತೈದು ದಾಟಿದ ಅಮ್ಮ ಒಬ್ರೇ ಇರೋ ಮನೆ, ಎದುರಿನ ಅರ್ಧ ನಮಗೆ ಬಿಟ್ಕೊಟ್ಟಿದಾರೆ, ಬಾಡಿಗೆಗಿಂತ ರಾತ್ರಿ ಮನೇಲಿ ಜನ ಇರ್ತಾರಲ್ಲ ಅನ್ನೋದು ಅವ್ರಿಗೆ ಹೆಚ್ಚು. ಅಪ್ಪಯ್ಯ ವಾಕರ್ ಹಿಡ್ಕೊಂಡು ಗೇಟಿನ ತನಕ ಹೋಗಿ ಬರ್ತಿದಾರೆ. ಹನ್ನೊಂದು ತಿಂಗ್ಳ ಅಗ್ರಿಮೆಂಟು, ಅದು ಮುಗಿಯೋ ಹೊತ್ತಿಗೆ ಅವ್ರ ಮಗ ವಾಪಸ್ ಬರ್ತಾನಂತೆ. ಯಾರಿಗಾದ್ರೂ ಕೆಳಗಡೆ ಮನೆ ಗೊತ್ತಿದ್ರೆ ಹೇಳಿ, ಸೈಟು ಬೇಡ.