ಆ ಬಣ್ಣ ಯಾವುದರ ಸರಾಸರಿ?

ಗ್ಯಾಲಕ್ಸಿ ಸಿಮ್ಯುಲೇಶನ್‌ನ ಡೇಟಾವನ್ನು ವೈಟಿ (yt) ಎಂಬ ಪೈಥಾನ್ ಲೈಬ್ರರಿಯಲ್ಲಿ ತೆರೆದು ಚಿತ್ರ ತೆಗೆಯಲು ನಾಲ್ಕು ಸಾಲು ಸಾಕು. ಆದರೆ ಆ ಚಿತ್ರದ ಒಂದು ಪಿಕ್ಸೆಲ್ ತೋರಿಸಿ "ಇದು ಯಾವುದರ ಸರಾಸರಿ?" ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇಲ್ಲಿಯೇ.

ಅಭ್ಯಾಸಕ್ಕೆಂದು ಸಿಗುವ ಐಸೊಲೇಟೆಡ್ ಗ್ಯಾಲಕ್ಸಿ ಡೇಟಾವನ್ನೇ ನೋಡಿ. ಎಂಜೋ ಎಂಬ ಸಿಮ್ಯುಲೇಶನ್ ಕೋಡ್‌ನದು, ಬದಿಗೆ 1 ಮೆಗಾಪಾರ್ಸೆಕ್ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ಇರುವ ಘನ. ಲೋಡ್ ಮಾಡಿದ ಕೂಡಲೇ ಗ್ರಿಡ್‌ನ ವಿವರ ಕೊಡುವ ಪ್ರಿಂಟ್ ಸ್ಟ್ಯಾಟ್ಸ್ ಓಡಿಸಿ. ಘನವನ್ನು ಹಂಚಿದ ತಳದ ಗ್ರಿಡ್‌ನಲ್ಲಿ (0ನೆಯ ಮಟ್ಟ) ಬದಿಗೆ 32 ಸೆಲ್ (ಪುಟ್ಟ ಘನ), ಅಂದರೆ ಒಂದೊಂದೂ 31.25 ಕಿಲೋಪಾರ್ಸೆಕ್. ಅನಿಲ ದಟ್ಟವಾದ ಕಡೆ ಸೆಲ್ ಮಟ್ಟದಿಂದ ಮಟ್ಟಕ್ಕೆ ಅರ್ಧವಾಗುತ್ತಾ, 8ನೆಯ ಮಟ್ಟದಲ್ಲಿ 122 ಪಾರ್ಸೆಕ್‌ಗೆ ಇಳಿಯುತ್ತದೆ. ತಳದ ಒಂದು ಸೆಲ್‌ನೊಳಗೆ ಇಂಥವು 1.68 ಕೋಟಿ ಹಿಡಿಯುತ್ತವೆ! ಎಲ್ಲ ಸೆಲ್‌ಗಳ ತಾಪಮಾನವನ್ನು ಹಾಗೆಯೇ ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈಗೆ ಕೊಟ್ಟು ಸರಾಸರಿ ತೆಗೆದರೆ ದೊಡ್ಡದಕ್ಕೂ ಚಿಕ್ಕದಕ್ಕೂ ಸಮಪಾಲು. ಬರುವ ಸಂಖ್ಯೆ ಗ್ಯಾಲಕ್ಸಿಯದ್ದಲ್ಲ, ಗ್ರಿಡ್ ಎಲ್ಲಿ ಒಡೆದಿದೆ ಎಂಬುದರದ್ದು. ವೈಟಿಯ ವೆಯ್ಟೆಡ್ ಆವರೇಜ್ ಕ್ವಾಂಟಿಟಿ ಬಳಸಿ; ತೂಕವನ್ನು, ಅಂದರೆ ಯಾವ ಸೆಲ್‌ಗೆ ಎಷ್ಟು ಪಾಲು ಎಂಬುದನ್ನು, ನೀವೇ ಆರಿಸಿ. ಸೆಲ್‌ನ ಗಾತ್ರವನ್ನು ತೂಕವಾಗಿ ಕೊಟ್ಟರೆ ಸುತ್ತಲಿನ ತೆಳು ಅನಿಲ ಮೇಲುಗೈ ಪಡೆಯುತ್ತದೆ. ದ್ರವ್ಯರಾಶಿ ಕೊಟ್ಟರೆ ಗ್ಯಾಲಕ್ಸಿಯ ತಟ್ಟೆಯ ದಟ್ಟ ಅನಿಲ. ಎರಡೂ ಸರಿ, ಪ್ರಶ್ನೆ ಬೇರೆ ಬೇರೆ.

ಘನವನ್ನು ಒಂದು ದಿಕ್ಕಿನಿಂದ ನೋಡಿ ಚಪ್ಪಟೆ ಚಿತ್ರ ಮಾಡುವ ಪ್ರೊಜೆಕ್ಷನ್ ಪ್ಲಾಟ್‌ನಲ್ಲೂ ಇದೇ ಕಥೆ. ವೆಯ್ಟ್ ಫೀಲ್ಡ್, ಅಂದರೆ ತೂಕವಾಗುವ ರಾಶಿ, ಕೊಡದಿದ್ದರೆ ವೈಟಿ ದೃಷ್ಟಿರೇಖೆಯುದ್ದಕ್ಕೂ ಮೊತ್ತ ಹಾಕುತ್ತದೆ. ಸಾಂದ್ರತೆಗೆ ಅದೇ ಬೇಕು: ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ. ತಾಪಮಾನಕ್ಕೆ ಹಾಗೆ ಮಾಡಿದರೆ ಬಣ್ಣದ ಪಟ್ಟಿಯ ಪಕ್ಕದಲ್ಲಿ ಕೆಲ್ವಿನ್-ಸೆಂಟಿಮೀಟರ್ ಎಂಬ ಅರ್ಥವಿಲ್ಲದ ಮಾನ ಬಂದು ಕೂರುತ್ತದೆ. ಚಿತ್ರ ಮಾತ್ರ ಚೆಂದವಾಗಿಯೇ ಇರುತ್ತದೆ, ಅದಕ್ಕೇ ಯಾರೂ ಗಮನಿಸುವುದಿಲ್ಲ. ತೂಕವಾಗಿ ಸಾಂದ್ರತೆ ಕೊಡಿ. ಎಕ್ಸ್-ರೇ ಚಿತ್ರದ ಜತೆ ಹೋಲಿಸುವುದಿದ್ದರೆ ಸಾಂದ್ರತೆಯ ವರ್ಗ ಹೆಚ್ಚು ಹತ್ತಿರ, ಯಾಕೆಂದರೆ ಬಿಸಿ ಅನಿಲದ ಹೊಳಪು ಏರುವುದು ಆ ಲೆಕ್ಕದಲ್ಲೇ. ಆ ಫೀಲ್ಡನ್ನು ಆ್ಯಡ್ ಫೀಲ್ಡ್‌ನಿಂದ ಮಾಡಿಕೊಳ್ಳುವಾಗ ಮಾನವನ್ನೂ ಬರೆಯಿರಿ, ತಪ್ಪಿದ್ದರೆ ವೈಟಿ ಅಲ್ಲೇ ತಡೆಯುತ್ತದೆ.

ಒಂದೇ ಸಮತಲವನ್ನು ಕೊಯ್ದು ತೋರಿಸುವ ಸ್ಲೈಸ್‌ನಲ್ಲಿ ಸರಾಸರಿಯ ಗೋಜಿಲ್ಲ. ಅಂಚಿನಲ್ಲಿ ಕಾಣುವ ದಪ್ಪ ಚೌಕಗಳನ್ನು ನಯಗೊಳಿಸಲು ಹೋಗಬೇಡಿ, ಸಿಮ್ಯುಲೇಶನ್‌ಗೆ ಅಲ್ಲಿ ಗೊತ್ತಿರುವುದೇ ಅಷ್ಟು.

ಬೇರೆ ಸಾಫ್ಟ್‌ವೇರ್‌ಗೆ ಸಮಗ್ರಿಡ್ (ಎಲ್ಲ ಸೆಲ್‌ಗಳೂ ಒಂದೇ ಅಳತೆಯವು) ಬೇಕಾದಾಗ ವೈಟಿಯ ಕವರಿಂಗ್ ಗ್ರಿಡ್ ಬಳಸುತ್ತೇವೆ. ಇಡೀ ಘನವನ್ನು 8ನೆಯ ಮಟ್ಟದಲ್ಲಿ ಕೇಳಿದರೆ ಬದಿಗೆ 8192 ಸೆಲ್, ಒಂದೇ ಫೀಲ್ಡಿಗೆ ಸುಮಾರು 4.4 ಟೆರಾಬೈಟ್ ಮೆಮೊರಿ. ನಡುವಿನ 40 ಕಿಲೋಪಾರ್ಸೆಕ್ ಮಾತ್ರ ಕೇಳಿ, 280 ಮೆಗಾಬೈಟ್ ಆಸುಪಾಸಿನಲ್ಲಿ ಮುಗಿಯುತ್ತದೆ.

ನಡು ಅಂದರೆ ಎಲ್ಲಿ ಎನ್ನುವುದೂ ಮುಖ್ಯ. ಈ ಡೇಟಾದಲ್ಲಿ ಅತಿ ದಟ್ಟ ಬಿಂದು ಘನದ ಕೇಂದ್ರದಿಂದ ಸುಮಾರು 5 ಕಿಲೋಪಾರ್ಸೆಕ್ ಆಚೆ ಇದೆ. ಸೆಂಟರ್‌ಗೆ ಮ್ಯಾಕ್ಸ್ (ಅತಿ ದಟ್ಟ ಬಿಂದು) ಎಂದು ಕೊಟ್ಟು ಹಲವು ಕಾಲಘಟ್ಟಗಳ ಮೂವಿ ಮಾಡಿದರೆ, ಬೇರೊಂದು ಅನಿಲದ ಗಂಟು ಹೆಚ್ಚು ದಟ್ಟವಾದ ಕ್ಷಣ ಇಡೀ ಗ್ಯಾಲಕ್ಸಿ ಪಕ್ಕಕ್ಕೆ ಜಿಗಿಯುತ್ತದೆ. ಒಂದು ಗೋಳದೊಳಗಿನ ದ್ರವ್ಯರಾಶಿ ಕೇಂದ್ರವನ್ನು ಹಿಡಿದು ಸಾಗುವುದು ವಾಸಿ. ಸೆಟ್ ಝಡ್‌ಲಿಮ್‌ನಿಂದ ಬಣ್ಣದ ಮಿತಿಯನ್ನೂ ಎಲ್ಲ ಫ್ರೇಮಿಗೂ ಒಂದೇ ಮಾಡಿ, ಇಲ್ಲವಾದರೆ ಅನಿಲದಲ್ಲಿ ಏನೂ ಬದಲಾಗದಿದ್ದರೂ ಬಣ್ಣ ಮಿನುಗುತ್ತದೆ.