ಸರಾಸರಿಯಲ್ಲಿ ಮರೆಯಾದ ಎಂಟು ಉತ್ತರಗಳು

ವಿಘಟನೆಯನ್ನು (ಡಿಸೋಸಿಯೇಶನ್), ಅಂದರೆ ನೆನಪು, ತನ್ನತನ, ದೇಹದ ಅರಿವು ಒಂದಕ್ಕೊಂದು ಕಳಚಿಕೊಂಡಂಥ ಅನುಭವಗಳನ್ನು ಅಳೆಯುವ ಪ್ರಶ್ನಾವಳಿಯಾದ ಡಿಇಎಸ್‌ನ ಒಟ್ಟು ಸ್ಕೋರ್ ಒಂದನ್ನೇ ನೋಡಿ, ಯಾರನ್ನು ಸಂದರ್ಶನಕ್ಕೆ ಕರೆಯಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಪದ್ಧತಿ ನಮ್ಮ ಘಟಕದಲ್ಲಿ ಬಹಳ ಕಾಲ ನಡೆದುಬಂದಿತ್ತು. 0ಯಿಂದ 100ರವರೆಗೆ ಅಂಕ ಕೊಡುವ 28 ಪ್ರಶ್ನೆಗಳ ಸರಾಸರಿ 30 ಮುಟ್ಟಿದರೆ ಸಾಫ್ಟ್‌ವೇರ್ ಕೆಂಪು ಗುರುತು ಹಾಕುತ್ತಿತ್ತು, ಇಲ್ಲದಿದ್ದರೆ ಹಸಿರು. ಹಸಿರು ಬಂದ ಹಾಳೆಯನ್ನು ಮತ್ತೆ ತೆರೆಯಲು ಯಾರಿಗೂ ಪುರುಸೊತ್ತಿರಲಿಲ್ಲ.

ಒಂದು ಪರಿಶೀಲನಾ ಸಭೆಯಲ್ಲಿ, ಪಟ್ಟಿಗೆ ಇನ್ನೇನು ಸಹಿ ಬೀಳಬೇಕು ಎನ್ನುವಾಗ, ನಾನು ಅಂಥದೊಂದು ಹಸಿರು ಹಾಳೆಯನ್ನು ಪರದೆಯ ಮೇಲೆ ತೆರೆದೆ. ಒಟ್ಟು ಸ್ಕೋರ್ 19ರ ಆಸುಪಾಸು. ಸಿನಿಮಾದಲ್ಲಿ ಮುಳುಗಿ ಸುತ್ತಲಿನದನ್ನು ಮರೆಯುವಂಥ ಪ್ರಶ್ನೆಗಳಿಗೆ 0 ಅಥವಾ 10. ಆದರೆ ತನ್ನನ್ನೇ ಬೇರೊಬ್ಬರಂತೆ ಹೊರಗಿನಿಂದ ನೋಡುವುದು, ದೇಹ ತನ್ನದಲ್ಲವೆನಿಸುವುದು, ಕೊಂಡ ನೆನಪೇ ಇಲ್ಲದ ವಸ್ತುಗಳು ತನ್ನ ಸಾಮಾನಿನಲ್ಲಿ ಸಿಗುವುದು ಇವಕ್ಕೆಲ್ಲ 40, 50. "ಕಟ್-ಆಫ್ ಅಂದ ಮೇಲೆ ಕಟ್-ಆಫ್, ಒಬ್ಬರಿಗೋಸ್ಕರ ಪ್ರೋಟೋಕಾಲ್ ಬದಲಿಸೋಕಾಗಲ್ಲ" ಎಂದರು ಮುಖ್ಯಸ್ಥರು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದೆ: ಡಿಇಎಸ್-ಟಿಯ, ಅಂದರೆ ರೋಗದ ಮಟ್ಟದ ವಿಘಟನೆಯನ್ನು ಗುರುತಿಸಲು ಆ 28ರಿಂದಲೇ ಆಯ್ದ, ಎಂಟು ಪ್ರಶ್ನೆಗಳ ಸರಾಸರಿ 45, ಉಳಿದ ಇಪ್ಪತ್ತರದು 8, ಕೂಡಿಸಿ 28ರಿಂದ ಭಾಗಿಸಿದರೆ 18.6. ಅದರ ಕೆಳಗೆ, ಕೆಂಪು ಗುರುತು ಬಿದ್ದಿದ್ದ ಇನ್ನೊಬ್ಬರದು: ಎಂಟರ ಸರಾಸರಿ 5, ಇಪ್ಪತ್ತರದು 44, ಒಟ್ಟು 32.9. ಕೆಲ ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಮುಖ್ಯಸ್ಥರು ಪೆನ್ನು ಕೆಳಗಿಟ್ಟು, ಇಬ್ಬರನ್ನೂ ಕರೆಯಿರಿ ಎಂದರು.

ವ್ಯಕ್ತಿತ್ವದ ಗುಣಗಳನ್ನು ಡಿಇಎಸ್ ಸ್ಕೋರ್ ಜೊತೆ ಹೋಲಿಸುವ ನಮ್ಮ ಕೋಷ್ಟಕದಲ್ಲೂ ಇದೇ ಗೊಂದಲ ಇತ್ತು. ಓಪನ್‌ನೆಸ್ (ಹೊಸ ಅನುಭವ, ಕಲ್ಪನೆಗಳಿಗೆ ತೆರೆದುಕೊಳ್ಳುವ ಗುಣ) ಹೆಚ್ಚಿದ್ದವರಲ್ಲಿ ವಿಘಟನೆಯೂ ಹೆಚ್ಚು ಎಂದು ಕರಡು ವರದಿ ಹೇಳುತ್ತಿತ್ತು. ಡಿಇಎಸ್‌ನ ತನ್ಮಯತೆಯ ಪ್ರಶ್ನೆಗಳು ಮತ್ತು ಓಪನ್‌ನೆಸ್‌ನ ಕಲ್ಪನೆ, ಸೌಂದರ್ಯಾನುಭವದ ಪ್ರಶ್ನೆಗಳು ವಿಚಾರಿಸುವುದು ಬಹುಮಟ್ಟಿಗೆ ಒಂದೇ ಸ್ವಭಾವವನ್ನು. ಹಾಗಾಗಿ ಅಲ್ಲಿ ಕಾಣುವ ಸಹಸಂಬಂಧದ ಒಂದು ಪಾಲು ಪ್ರಶ್ನೆಗಳ ಹೋಲಿಕೆಯಿಂದಲೇ ಹುಟ್ಟಿದ್ದು. ಕಾದಂಬರಿಯಲ್ಲಿ ಮೈಮರೆಯುವವರನ್ನು ನೆನಪಿನ ಕೊಂಡಿ ಕಳಚಿದವರ ಸಾಲಿಗೆ ಸೇರಿಸುವುದು ಇಬ್ಬರಿಗೂ ಮಾಡುವ ಅನ್ಯಾಯ. ನ್ಯೂರಾಟಿಸಿಸಂನ (ಆತಂಕ, ದುಗುಡಕ್ಕೆ ಬೇಗ ಒಳಗಾಗುವ ಗುಣ) ವಿಷಯ ಬೇರೆ: ಸಂಕಟದಲ್ಲಿರುವವರು ಯಾವ ಪ್ರಶ್ನಾವಳಿಯಲ್ಲಾದರೂ ಅಂಕಗಳನ್ನು ತುಸು ಮೇಲಕ್ಕೇ ಗುರುತಿಸುವುದುಂಟು, ಅದನ್ನು ಗಣನೆಗೆ ತೆಗೆದುಕೊಳ್ಳದೆ ಅದರ ಸಹಸಂಬಂಧದ ಸಂಖ್ಯೆಯನ್ನು ಓದಲಾಗದು.

ಎಂಟು ಪ್ರಶ್ನೆಗಳ ಸರಾಸರಿಯೂ ರೋಗನಿರ್ಣಯವಲ್ಲ, ಅದಕ್ಕೆ ಸಂದರ್ಶನವೇ ಆಗಬೇಕು. ಆದರೆ ಸಂದರ್ಶನದ ಬಾಗಿಲಿಗೇ ಬರದವರನ್ನು ಯಾರು ಕೇಳುತ್ತಾರೆ? ಸಾಫ್ಟ್‌ವೇರ್‌ಗೆ ಇನ್ನೊಂದು ಕಾಲಂ ಸೇರಿಸಿ ಎಂಬ ನಮ್ಮ ಮನವಿ ಇನ್ನೂ ಆಡಳಿತ ವಿಭಾಗದಲ್ಲೇ ಇದೆ. ಅಲ್ಲಿಯವರೆಗೆ ಡಿಇಎಸ್-ಟಿ ಸರಾಸರಿಯನ್ನು ಪ್ರತಿ ಹಾಳೆಯ ಅಂಚಿನಲ್ಲಿ ಕೈಯಲ್ಲೇ ಬರೆಯುತ್ತೇವೆ. ಸಹಸಂಬಂಧದ ಕೋಷ್ಟಕದಲ್ಲಿ ತನ್ಮಯತೆ, ವಿಸ್ಮೃತಿ, ತನ್ನಿಂದ ತಾನೇ ದೂರವಾದಂಥ ಅನುಭವ ಈ ಮೂರನ್ನೂ ಬೇರೆಬೇರೆಯಾಗಿ ತೋರಿಸುತ್ತೇವೆ.