ಕೇಳಿದ್ದು ನನ್ನ ಕಿವಿ

ನಮ್ಮ ಎದುರು ಮನೆಯ ಮಹಡಿಯಲ್ಲಿ ಪಿ.ಜಿ. ಇದೆ. ಅಲ್ಲಿರುವ ಹುಡುಗಿಯರೆಲ್ಲ ಹೆಚ್ಚುಕಮ್ಮಿ ವಾಕ್ ಶ್ರವಣ ಸಂಸ್ಥೆಯವರು. ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಲ್ಲಿ ಶುರುವಾದದ್ದು. ಎಲ್ಲೆಲ್ಲಿಂದಲೋ ಮಕ್ಕಳು ಬಂದು ಓದುತ್ತಾರೆ, ಕೇರಳದವರಂತೂ ಧಾರಾಳ. ಎಂ.ಎಸ್ಸಿ.ಗೆ ಬಂದರೆ ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧ, ಹೆಗಲೇರುತ್ತದೆ. ಕಿವಿ ಕೇಳದವರು ಆಸ್ಪತ್ರೆಗೆ ತಾವಾಗಿಯೇ ಬರುತ್ತಾರೆ. ಅವರ ಜೊತೆ ಹೋಲಿಸಿ ನೋಡಲು ಏನೂ ತೊಂದರೆ ಇಲ್ಲದ, ಮನೆಮಾತು ಕನ್ನಡವಾದ, ಎರಡು ಗಂಟೆ ಸುಮ್ಮನೆ ಕೂರಲು ಒಪ್ಪುವ ಜನ ಸಿಗುವುದೇ ಈ ಮಕ್ಕಳಿಗೆ ಕಷ್ಟ. ಕೊಟ್ಟಾಯಂ ಕಡೆಯ ಹುಡುಗಿಯೊಬ್ಬಳು ಗೇಟಿನ ಹತ್ತಿರ ನಿಂತು "ಆಂಟಿ, ಒಂದು ಹೆಲ್ಪ್ ಬೇಕಿತ್ತು" ಅಂದಾಗ ಸಿಲಿಂಡರ್ ಖಾಲಿಯಾಗಿರಬೇಕು ಅಂದುಕೊಂಡೆ. ಕೇಳಿದ್ದು ನನ್ನ ಕಿವಿ.

ಅಂಚೆ ಇಲಾಖೆಯಿಂದ ನಿವೃತ್ತಳಾಗಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದರೆ ಆಮೇಲೆ ನನಗೆ ಹೇಳಿಕೊಳ್ಳುವಂಥ ಕೆಲಸವೇನಿಲ್ಲ. ಒಪ್ಪಿಕೊಂಡೆ. ಆದರೆ ಒಪ್ಪಿದ ಮಾತ್ರಕ್ಕೆ ಸೇರಿಸಿಕೊಳ್ಳುವುದಿಲ್ಲ. ಹೆಣ್ಣು ನೋಡಲು ಬಂದವರೂ ನನ್ನನ್ನು ಅಷ್ಟೊಂದು ಪ್ರಶ್ನೆ ಕೇಳಿರಲಿಲ್ಲ. ಚಿಕ್ಕವರಿದ್ದಾಗ ಕಿವಿ ಸೋರುತ್ತಿತ್ತಾ? ಗುಂಯ್ ಅನ್ನುತ್ತಾ? ಶುಗರ್ ಇದೆಯಾ? ತಲೆಸುತ್ತು? ಆಮೇಲೆ ಬಲಗೈಯವರೋ ಎಡಗೈಯವರೋ ಅನ್ನುವುದಕ್ಕೇ ಬೇರೆ ಪಟ್ಟಿ. ಬರೆಯುವುದು ಯಾವ ಕೈಲಿ, ಕತ್ತರಿ ಹಿಡಿಯುವುದು ಯಾವ ಕೈಲಿ, ಬೆಂಕಿಕಡ್ಡಿ ಗೀರುವುದು ಯಾವ ಕೈಲಿ. ಪೊರಕೆ ಹಿಡಿದಾಗ ಮೇಲೆ ಯಾವ ಕೈ ಇರುತ್ತದೆ ಅಂತಲೂ ಇತ್ತು. "ಒಂದೇ ಕೈಲಿ ಗುಡಿಸೋದಮ್ಮ, ಇನ್ನೊಂದು ಕೈ ಮೊಣಕಾಲ ಮೇಲಿರುತ್ತೆ" ಅಂದೆ. ಈ ಪಟ್ಟಿ 1971ರಲ್ಲಿ ಎಡಿನ್‌ಬರೋದಲ್ಲಿ ತಯಾರಾದದ್ದಂತೆ. ಅಲ್ಲಿಯವರು ಉದ್ದ ಕೋಲಿನ ಪೊರಕೆಯಲ್ಲಿ ನಿಂತೇ ಗುಡಿಸುತ್ತಾರೆ.

ಕೊನೆಯ ಪ್ರಶ್ನೆ: ಸಂಗೀತ ಕಲಿತಿದ್ದೀರಾ? ಮೈಸೂರಿನ ಹೆಂಗಸರನ್ನು ಕೇಳುವ ಪ್ರಶ್ನೆಯೇ ಇದು! ಸರಳೆ, ಜಂಟಿ ಮುಗಿಸಿ ಗೀತೆಗೆ ಬರುವಷ್ಟರಲ್ಲಿ ಕೈಬಿಟ್ಟವರು ಬೀದಿಗೆ ಹತ್ತು ಮಂದಿ ಇದ್ದೇವೆ. ಅಷ್ಟಕ್ಕೆ ಅಡ್ಡಿಯಿಲ್ಲ, ವರ್ಷಗಟ್ಟಲೆ ಪಾಠವಾದವರು ಬೇಡ ಅಂದರು. ಸ್ವರದ ಕೂದಲೆಳೆ ವ್ಯತ್ಯಾಸವನ್ನೂ ಹಿಡಿಯುವ ಕಿವಿಗಳು ಸೇರಿಕೊಂಡರೆ ಲೆಕ್ಕ ಏರುಪೇರಾಗುತ್ತದಂತೆ. ವೀಣೆಯಲ್ಲಿ ವಿದ್ವತ್ ಮಾಡಿದ ನನ್ನ ತಂಗಿಯನ್ನು ಬಾಗಿಲಲ್ಲೇ ವಾಪಸ್ ಕಳಿಸಿದರು. ಮುಖ ಊದಿಸಿಕೊಂಡು ಬಂದಳು. ಸಂಗೀತಗಾರರೇ ಬೇಕು ಅನ್ನುವ ಇನ್ನೊಬ್ಬ ವಿದ್ಯಾರ್ಥಿ ಆಮೇಲೆ ಕರೆದ ಮೇಲೆ ಸಮಾಧಾನವಾಯಿತು.

ಸದ್ದು ನುಗ್ಗದ ಆ ಕೋಣೆಯ ಬಾಗಿಲು ಬ್ಯಾಂಕಿನ ಲಾಕರ್ ರೂಮಿನದಷ್ಟು ದಪ್ಪ. ಹೆಡ್‌ಫೋನಿನ ಕೆಂಪು ಬಲಗಿವಿಗೆ, ನೀಲಿ ಎಡಗಿವಿಗೆ. ಕೈಗೊಂದು ಗುಂಡಿ. ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತಬೇಕು. ಬಾಗಿಲು ಮುಚ್ಚಿದ ಮೇಲೆ ಮೊದಲು ಕೇಳಿಸುವುದು ನಮ್ಮದೇ ಉಸಿರು, ನಾವೇ ಎಂಜಲು ನುಂಗುವ ಸದ್ದು. 1000 ಹರ್ಟ್ಸ್‌ನಲ್ಲಿ ಶುರುವಾಗುತ್ತದೆ. ಹರ್ಟ್ಸ್ ಅಂದರೆ ಸದ್ದು ಎಷ್ಟು ಕೀಚಲು ಅನ್ನುವ ಲೆಕ್ಕ, ಡೆಸಿಬಲ್ ಅಂದರೆ ಎಷ್ಟು ಜೋರು ಅನ್ನುವ ಲೆಕ್ಕ. ಗುಂಡಿ ಒತ್ತಿದರೆ ಹತ್ತು ಡೆಸಿಬಲ್ ಇಳಿಸುತ್ತಾರೆ, ಒತ್ತದಿದ್ದರೆ ಐದು ಏರಿಸುತ್ತಾರೆ. ಹೀಗೇ ಇಳಿಸಿ ಏರಿಸಿ, ಇನ್ನು ಕೇಳಿಸದು ಅನ್ನುವ ಅಂಚನ್ನು ಹುಡುಕುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಇಲ್ಲದ ಸದ್ದೂ ಕೇಳಿಸಿದಂತಾಗಿ ಬೆರಳು ತಾನಾಗಿ ಒತ್ತುತ್ತದೆ. ಗಾಜಿನಾಚೆ ಕೂತವರಿಗೆ ಅದೂ ಗೊತ್ತಾಗುತ್ತದೆ.

ನನ್ನ ಎಡಗಿವಿ 8000 ಹರ್ಟ್ಸ್‌ನಲ್ಲಿ ಕೈಕೊಟ್ಟಿತು. ವಯಸ್ಸಾಗುತ್ತ ಮೊದಲು ಹೋಗುವುದು ಈ ಕೀಚಲು ಸದ್ದುಗಳೇ ಅಂತೆ. "ಆಂಟಿ, ಏನೂ ಗಾಬರಿ ಬೇಡ, ವಯಸ್ಸಿಗೆ ಸರಿಯಾಗೇ ಇದೆ, ಆದರೆ ನನ್ನ ಸ್ಟಡಿಗೆ ಆಗಲ್ಲ" ಎಂದು ಆ ಹುಡುಗಿ ಅಳುಮುಖ ಮಾಡಿದಳು. ನನಗಿಂತ ಅವಳಿಗೇ ಹೆಚ್ಚು ಬೇಸರವಾಗಿತ್ತು. ಇನ್ನೊಬ್ಬಳಿಗೆ ಮಾತ್ರ ಇಂಥದೇ ಕಿವಿ ಬೇಕಿತ್ತು. ಹಾಗೆ ಒಬ್ಬರ ಪಟ್ಟಿಯಿಂದ ಬಿದ್ದು ಇನ್ನೊಬ್ಬರ ಪಟ್ಟಿಗೆ ಸೇರಿದೆ.

ಅವಳದು ಗಲಾಟೆಯ ಪರೀಕ್ಷೆ. ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿರುತ್ತಾರೆ, ಮಧ್ಯೆ ಒಬ್ಬರು ಒಂದು ಕನ್ನಡ ವಾಕ್ಯ ಹೇಳುತ್ತಾರೆ. ನಾವು ತಿರುಗಿ ಹೇಳಬೇಕು. ಶುರುವಿನಲ್ಲಿ ಸಲೀಸು. ಬರಬರುತ್ತ ಗಲಾಟೆ ಮೇಲಾಗಿ ವಾಕ್ಯ ಅಡಿಗೆ ಹೋಗುತ್ತದೆ. ಎರಡು ಪದ ಸಿಕ್ಕಿದರೆ ಮಿಕ್ಕಿದ್ದನ್ನು ನಾನೇ ಜೋಡಿಸಿ ಹೇಳುತ್ತಿದ್ದೆ. ಮೂವತ್ತು ವರ್ಷ ಅಂಚೆ ಕೌಂಟರಿನ ಆಚೆಯಿಂದ ಗೊಣಗಿದ್ದನ್ನೆಲ್ಲ ಅರ್ಥ ಮಾಡಿಕೊಂಡವಳು ನಾನು! ಹೆಚ್ಚೂಕಡಿಮೆ ಸರಿಯಾಗುತ್ತಿತ್ತು.

ಎಲೆಕ್ಟ್ರೋಡ್ ಅಂಟಿಸುವ ಪರೀಕ್ಷೆ ನನಗೆ ಬಲು ಇಷ್ಟ. ಹಣೆ, ಕಿವಿಯ ಹಿಂಭಾಗವನ್ನು ಮರಳು ಮರಳಾದ ಜೆಲ್‌ನಲ್ಲಿ ಉಜ್ಜಿ ವೈರು ಅಂಟಿಸಿ, ಮಲಗಿಸಿ, "ನಿದ್ದೆ ಮಾಡಿ" ಅನ್ನುತ್ತಾರೆ. ಕಿವಿಯಲ್ಲಿ ಟಕ ಟಕ ಸದ್ದು ಸಾವಿರಾರು ಸಲ. ಒಂದೊಂದು ಸದ್ದಿಗೂ ಕಿವಿಯ ನರದಿಂದ ಮಿದುಳಿನ ಕಾಂಡದವರೆಗೆ ಸಂದೇಶ ಹೋಗುವುದು ಹತ್ತು ಮಿಲಿಸೆಕೆಂಡಿನೊಳಗೆ ಅಲೆ ಅಲೆಯಾಗಿ ಪರದೆ ಮೇಲೆ ಮೂಡುತ್ತದೆ. ಐದನೇ ಅಲೆ ಎಲ್ಲಕ್ಕಿಂತ ಎದ್ದು ಕಾಣುವುದು, ಎದ್ದ ಮೇಲೆ ತೋರಿಸಿದರು. ನಾನಂತೂ ಗೊರಕೆ ಹೊಡೆದಿದ್ದೆ.

ನಮ್ಮೆಜಮಾನರಿಗೆ ಇದೆಲ್ಲ ತಮಾಷೆ. "ಪುಗಸಟ್ಟೆ ಗಿನಿಪಿಗ್" ಅನ್ನುತ್ತಾರೆ. ಪುಗಸಟ್ಟೆ ಅನ್ನುವುದು ನಿಜ. ಒಂದು ಕಾಫಿ, ಕಿವಿಯ ರಿಪೋರ್ಟಿನ ಪ್ರತಿ, ಅಷ್ಟೇ. ಆದರೆ ಕನ್ನಡದವರ ಕಿವಿಯನ್ನು ಇಂಗ್ಲಿಷ್ ಪದಗಳಿಂದ ಅಳೆಯಲಾಗುತ್ತದೆಯೇ? ಅಜ್ಜಿಯೊಬ್ಬರಿಗೆ ಕನ್ನಡ ವಾಕ್ಯಗಳಲ್ಲಿ ಅರವತ್ತು ಅಂಕ ಬಂತು ಅಂದರೆ ಒಳ್ಳೆಯದೋ ಕೆಟ್ಟದ್ದೋ ಹೇಳಲು, ಅದೇ ವಯಸ್ಸಿನ, ಕಿವಿ ನೆಟ್ಟಗಿರುವ ಕನ್ನಡದವರಿಗೆ ಎಷ್ಟು ಬರುತ್ತದೆ ಅಂತ ಮೊದಲು ಗೊತ್ತಿರಬೇಕಲ್ಲ. 2010ರಲ್ಲಿ ಜೋಸೆಫ್ ಹೆನ್ರಿಕ್ ಎಂಬ ಸಂಶೋಧಕರು ಮತ್ತು ಇನ್ನಿಬ್ಬರು ಬರೆದ ಒಂದು ಹೆಸರಾಂತ ಲೇಖನವಿದೆ. ಮನಃಶಾಸ್ತ್ರದ ಅಧ್ಯಯನಗಳಲ್ಲಿ ಕೂತವರಲ್ಲಿ ಶೇ. 96ರಷ್ಟು ಜನ, ಲೋಕದ ಶೇ. 12ರಷ್ಟು ಜನಸಂಖ್ಯೆಯಿರುವ ಪಾಶ್ಚಾತ್ಯ ದೇಶಗಳವರೇ ಅಂತ ಅದರಲ್ಲಿದೆ. ಅಲ್ಲಿ ಕಾಲೇಜು ಮಕ್ಕಳಿಗೆ ಹೀಗೆ ಕೂತರೆ ಕ್ರೆಡಿಟ್ಟೂ ಸಿಗುತ್ತದೆ. ಮನುಷ್ಯರೆಲ್ಲ ಹೀಗೆ ಎಂದು ಬರೆದಿರುವುದೆಲ್ಲ ಅವರನ್ನು ನೋಡಿ. ಪೊರಕೆಯ ಪ್ರಶ್ನೆ ಬಂದದ್ದು ಹಾಗೇ.

ಸಹಿಯ ವಿಷಯದಲ್ಲಿ ಮಾತ್ರ ನಾನು ಬಿಗಿ. ಒಪ್ಪಿಗೆ ಪತ್ರವನ್ನು ಪೂರ್ತಿ ಓದುತ್ತೇನೆ, ಒಂದು ಪ್ರತಿ ಮನೆಗೆ ತರುತ್ತೇನೆ. ಯಾವಾಗ ಬೇಕಾದರೂ, ಕಾರಣ ಹೇಳದೆ ಎದ್ದು ಬರಬಹುದು ಅನ್ನುವ ಸಾಲಿದೆಯೇ ನೋಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿಯಲ್ಲಿ ಇದೆಲ್ಲ ಇದೆ. ಏಳು ವರ್ಷ ದಾಟಿದ ಮಗುವಾದರೆ ಅಪ್ಪ ಅಮ್ಮ ಸಹಿ ಹಾಕಿದರೆ ಸಾಲದು, ಮಗುವೂ ಹೂಂ ಅನ್ನಬೇಕು. ಈ ಬಿಗಿ ಸುಮ್ಮನೆ ಬಂದದ್ದಲ್ಲ. ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂನಲ್ಲಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯ ಅಧ್ಯಯನವನ್ನು 2010ರಲ್ಲಿ ನಿಲ್ಲಿಸಿದರಲ್ಲ, ಅಲ್ಲಿ ಎಷ್ಟೋ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್ನುಗಳೇ ಸಹಿ ಹಾಕಿದ್ದರು. ಔಷಧಿಯ ಟ್ರಯಲ್ ಆದರಂತೂ, 2009ರಿಂದ ಕಡ್ಡಾಯವಾಗಿರುವ, ಸಿ.ಟಿ.ಆರ್.ಐ. ಎಂಬ ದೇಶದ ಟ್ರಯಲ್ ಪಟ್ಟಿಯಲ್ಲಿನ ನೋಂದಣಿ ಇದೆಯೇ ಅಂತ ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮೊನ್ನೆ ಯಾವುದೋ ಕಾಲೇಜಿನಿಂದ ವಾಟ್ಸಾಪಿನಲ್ಲಿ ‘ರಿಸರ್ಚ್ ಸರ್ವೆ’ ಅಂತ ಒಂದು ಫಾರ್ಮ್ ಬಂತು. ಹೆಸರು, ಫೋನ್ ನಂಬರ್, ತಿಂಗಳ ಆದಾಯ ಎಲ್ಲ ಕಡ್ಡಾಯ; ಯಾರು, ಯಾತಕ್ಕೆ, ಎಲ್ಲಿಡುತ್ತಾರೆ ಅನ್ನುವುದು ಒಂದಕ್ಷರವೂ ಇಲ್ಲ. ತುಂಬಲಿಲ್ಲ.

ಗೇಲಿ ಮಾಡುತ್ತಿದ್ದ ಯಜಮಾನರನ್ನೂ ಕೊನೆಗೆ ಕರೆದುಕೊಂಡು ಹೋದೆ. ಬಟ್ಟೆ ಗಿರಣಿಯಲ್ಲಿ ದುಡಿದವರು. ಅವರ ರಿಪೋರ್ಟಿನ ಗೆರೆ 4000 ಹರ್ಟ್ಸ್ ಹತ್ತಿರ ಎರಡೂ ಕಿವಿಯಲ್ಲಿ ದಡಕ್ಕನೆ ಕುಸಿದಿತ್ತು. ಯಂತ್ರದ ಸದ್ದಿನಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರ ಗುರುತಂತೆ ಅದು. ಸ್ಟಡಿಗೆ ಸೇರಿಸಿಕೊಳ್ಳಲಿಲ್ಲ, ಒ.ಪಿ.ಡಿ.ಗೆ ಚೀಟಿ ಬರೆದುಕೊಟ್ಟರು. ಸೋಮವಾರ ಹಿಯರಿಂಗ್ ಏಡ್ ಹಾಕಿ ನೋಡುತ್ತಾರೆ. ಗಲಾಟೆಯಲ್ಲಿ ವಾಕ್ಯ ಹೇಳಿಸುವ ಪರೀಕ್ಷೆ ಅವರಿಗೂ ಇರಬಹುದು, ಆಗ ನನ್ನಂಥವರ ಅಂಕದ ಪಕ್ಕದಲ್ಲಿ ನಿಮ್ಮ ಅಂಕ ಇಟ್ಟು ನೋಡುತ್ತಾರೆ ಎಂದು ವಿವರಿಸಿದೆ. "ಅಲ್ಲೂ ನಿನ್ನ ಜೊತೆಗೇ ಹೋಲಿಕೆಯಾ?" ಅಂದರು.